ಡಬ್ಬದೊಳಗಿನ ದನಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಆ ಮನೆಯ ಮೆಟ್ಟಿಲು ಹತ್ತಿದವರಲ್ಲ. ಮೂರನೇ ಮಹಡಿಯ ಆ ಮನೆಯಲ್ಲಿದ್ದ ಐದು ಜನರೂ ಮಾತು ಬಲ್ಲವರೇ. ಅದಕ್ಕೇ ಬೆಳಗಾದರೆ ಜಗಳ. ಇನ್ನು ಊಟ ಬಲ್ಲವರೆಂದರೆ ಮಾವ. ಹಸಿವಿಗಿಂತ ಒಂದು ತುತ್ತು ಹೆಚ್ಚು ತಿಂದವರಲ್ಲ, ಹೊಗೆ ಬಿಟ್ಟವರಲ್ಲ, ಹೊಗೆ ಬಿಡುವವರ ಪಕ್ಕ ಕೂತವರೂ ಅಲ್ಲ. ರೋಗ ಬಂದದ್ದು ಅವರಿಗೇ. ಅದೂ ಗಂಟಲಿಗೆ.

ಆ ಸುದ್ದಿಗಿಂತ ಮೊದಲು ಮನೆಗೆ ಬಂದದ್ದು ಡಬ್ಬ.

ಸೊಸೆ ಬೇಕರಿಯ ಕೆಲಸ ಮುಗಿಸಿ, ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದಾಗ ಅದು ಊಟದ ಮೇಜಿನ ಮೇಲೆ ಕೂತಿತ್ತು. ಅಂಗೈಗಿಂತ ತುಸು ದೊಡ್ಡದು, ಕಪ್ಪಗೆ, ಹಿಂಭಾಗದಲ್ಲಿ ನಾಲ್ಕಾರು ತೂತು. ಸುತ್ತ ಅತ್ತೆ, ಮಾವ, ನಾದಿನಿ ಹೆಣದ ಸುತ್ತ ನಿಂತ ಹಾಗೆ ನಿಂತಿದ್ದರು. ಗಂಡನೊಬ್ಬ ಮಾತ್ರ ಮದುಮಗನ ಹಾಗೆ ನಗುತ್ತಿದ್ದ.

"ಇದೇನೋ ಇದು, ತಿಂಡಿ ಡಬ್ಬದ ಹಾಗಿದೆ?" ಅಂದರು ಅತ್ತೆ.

"ಮಿನಿ ಪಿಸಿ ಅಮ್ಮ. ಚಿಕ್ಕ ಕಂಪ್ಯೂಟರು. ಇದನ್ನ ಮನೆಯ ಫೈಲ್ ಸರ್ವರ್ ಮಾಡ್ತೀನಿ."

"ಬಟ್ಟೆ ಒಗೆಯತ್ತಾ?"

ಗಂಡ ನಗು ನಿಲ್ಲಿಸಿದ. ಬಟ್ಟೆ ಒಗೆಯುವ ಮಷೀನು ಕೆಟ್ಟು ಬಹಳ ದಿನವಾಗಿತ್ತು. ಹೊಸದಕ್ಕೆಂದು ಎತ್ತಿಟ್ಟ ದುಡ್ಡು ಯಾವ ರೂಪ ತಾಳಿ ಮೇಜಿನ ಮೇಲೆ ಕೂತಿದೆ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

"ಮಾವನವರ ಪ್ಯಾಂಟು ಹಿಂಡಿ ಹಿಂಡಿ ನನ್ನ ಕೈ ಗಂಟಾಗಿದೆ, ಇವನು ಡಬ್ಬ ತಂದಿದ್ದಾನೆ," ಎಂದು ಅತ್ತೆ ಸೊಸೆಯ ಕಡೆ ತಿರುಗಿ, ಸೊಸೆಯದೇ ಮಾತು ಎಂಬಂತೆ ಆಡಿದರು. ಆ ಮನೆಯಲ್ಲಿ ಅದು ವಾಡಿಕೆ. ತನಗೆ ಬಂದ ಸಿಟ್ಟನ್ನು ಅತ್ತೆ ಯಾರದೋ ಹೆಸರಿಗೆ ಜಮಾ ಮಾಡಿಯೇ ಖರ್ಚು ಮಾಡುತ್ತಿದ್ದುದು.

ಮಾವ ಡಬ್ಬದ ಕಡೆ ಬಗ್ಗಿ, ಹೋಟೆಲಿನ ಗಿರಾಕಿಯ ದನಿ ತೆಗೆದರು. "ಸರ್ವರ್! ಎರಡು ಚಹಾ. ಒಂದಕ್ಕೆ ಸಕ್ಕರೆ ಕಮ್ಮಿ. ಎಲ್ರೀ, ಅಲ್ಲಾಡ್ತಾನೇ ಇಲ್ಲ ಇವನು. ಹೊಸಬನಾ?"

ನಾದಿನಿ ಬಿದ್ದು ಬಿದ್ದು ನಕ್ಕಳು. ಅತ್ತೆಗೂ ನಗು ಬಂತು, ಆದರೆ ಸಿಟ್ಟಿನ ಮಧ್ಯೆ ನಗುವುದು ಅವರಿಗೆ ಸೋತಂತೆ. ಸೆರಗು ಬಾಯಿಗಿಟ್ಟು ಅಡುಗೆಮನೆಗೆ ಹೋದರು.

ಮಾವ ಬಸ್ ನಿಲ್ದಾಣದ ಮೈಕಿನ ಕೋಣೆಯಲ್ಲಿ ಕೂತು ಬಸ್ಸು ಕೂಗಿ ಕೂಗಿಯೇ ನಿವೃತ್ತರಾದವರು. ಬಡಾವಣೆಯವರಿಗೆಲ್ಲ ಅವರು 'ಮೈಕು'. ತರಕಾರಿಯವನು, ಕಾವಲುಗಾರ, ನಿಲ್ದಾಣದ ಹಳೇ ಮೇಲಧಿಕಾರಿ, ಕೆಳಮನೆಯ ಮೂಗಿನಲ್ಲಿ ಮಾತಾಡುವ ಟೀಚರು, ಯಾರ ದನಿ ಬೇಕಾದರೂ ಅವರ ಗಂಟಲಲ್ಲಿತ್ತು. ಒಮ್ಮೆ ಅತ್ತೆಯ ದನಿಯಲ್ಲಿ ಬಾಗಿಲಾಚೆಯಿಂದ ಮಗನಿಗೆ ಬೈದು, ಅವನು ಹಾಸಿಗೆ ಮಡಿಸಿ, ಕಸ ಗುಡಿಸಿ ಹೊರಗೆ ಬಂದಾಗ ಪೇಪರು ಓದುತ್ತಾ ಕೂತಿದ್ದರಂತೆ.

ಗಂಡ ಡಬ್ಬವನ್ನು ಚಪ್ಪಲಿ ಗೂಡಿನ ಮೇಲೆ ಕೂರಿಸಿ, ಅದಕ್ಕೆ ಎರಡು ಡಿಸ್ಕು ಜೋಡಿಸಿ, ಊಟಕ್ಕೆ ಕೂತಾಗ ಎಲ್ಲರಿಗೂ ಪಾಠ ಮಾಡಿದ. ಅವನು ಸರಕಿನ ಗೋದಾಮಿನಲ್ಲಿ ಬಿಲ್ಲು ಬರೆಯುವವನು. ದಿನವಿಡೀ ಯಾರೂ ಅವನ ಮಾತು ಕೇಳುವುದಿಲ್ಲ. ಆ ಬಾಕಿಯನ್ನೆಲ್ಲ ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದ.

"ಎಲ್ಲರ ಫೋಟೊ, ವಿಡಿಯೊ, ಕಾಗದಪತ್ರ ಎಲ್ಲ ತಾನಾಗೇ ಇದರೊಳಗೆ ಹೋಗತ್ತೆ. ಫೋನ್ ತುಂಬಿತು ಅಂತ ಯಾರೂ ಗೋಳಾಡಬೇಡಿ. ಫೋನಲ್ಲಿರೋದನ್ನ ಅಳಿಸಿ. ಡಬ್ಬದಲ್ಲಿ ಇರತ್ತೆ."

"ಡಬ್ಬ ಕೆಟ್ಟರೆ?" ನಾದಿನಿ ಕೇಳಿದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಧಿ ಮುಗಿಯದ ವಸ್ತು ಲೋಕದಲ್ಲಿ ಇಲ್ಲವೆಂದು ನಂಬಿದವಳು.

"ಎರಡು ಡಿಸ್ಕು ಇದೆ. ಒಂದರಲ್ಲಿ ಇರೋದೇ ಇನ್ನೊಂದರಲ್ಲಿ. ಕನ್ನಡಿ ಹಾಗೆ. ಒಂದು ಕೆಟ್ಟರೆ ಇನ್ನೊಂದು."

ಕನ್ನಡಿಯ ಮುಂದಿದ್ದವನು ಎದ್ದುಹೋದರೆ ಕನ್ನಡಿಯೊಳಗೂ ಯಾರೂ ಇರುವುದಿಲ್ಲ ಎಂದು ಅಂದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಆಲೂಗಡ್ಡೆ ಬಡಿಸಿಕೊಂಡರು.

ಮುಂದಿನ ವಾರಗಳಲ್ಲಿ ಮಾವನ ದನಿ ಒಡೆಯಿತು. ಮೊದಮೊದಲು ಅದನ್ನೂ ಅವರು ಹೊಸ ಮಿಮಿಕ್ರಿ ಎಂದೇ ಮಾರಿದರು. "ಇದು ತುಕ್ಕು ಹಿಡಿದ ಬಾಗಿಲು," "ಇದು ಗೇರು ಬದಲಾಯಿಸಲು ಬಾರದ ಡ್ರೈವರು." ಆಸ್ಪತ್ರೆಯಿಂದ ಬಂದ ದಿನ ಮಾತ್ರ ಯಾರ ದನಿಯನ್ನೂ ತೆಗೆಯಲಿಲ್ಲ. ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದಿದ್ದರು ಡಾಕ್ಟರು.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹೆಂಗಸೊಬ್ಬರಿದ್ದರು. ಕೈಗೊಂದು ವಾಕ್ಯಗಳ ಹಾಳೆ ಕೊಟ್ಟು ಹೇಳಿದರು: "ಆಪರೇಷನ್‌ಗೆ ಮುಂಚೆ ಇವನ್ನೆಲ್ಲ ಇವರ ದನಿಯಲ್ಲಿ ರೆಕಾರ್ಡ್ ಮಾಡಿ ತನ್ನಿ. ಆಮೇಲೆ ಇವರು ಟ್ಯಾಬಿನಲ್ಲಿ ಬರೆದದ್ದನ್ನ ಟ್ಯಾಬು ಇವರದೇ ದನಿಯಲ್ಲಿ ಹೇಳೋ ಹಾಗೆ ಮಾಡಬಹುದು. ಆದಷ್ಟು ಜಾಸ್ತಿ ಮಾಡಿ. ಮಾಡಿದ್ದನ್ನ ಆಗಾಗಲೇ ತಂದು ಕೊಟ್ಟುಬಿಡಿ."

ಡಬ್ಬಕ್ಕೆ ಒಂದೇ ಏಟಿಗೆ ಮರ್ಯಾದೆ ಬಂತು.

ಮಾವನದು ಗುಂಡಿ ಒತ್ತುವ ಹಳೇ ಫೋನು. ರೆಕಾರ್ಡಿಂಗು ಅತ್ತೆಯ ಫೋನಿನಲ್ಲಿ ಎಂದಾಯಿತು. ಸೊಸೆ ಬೇಕರಿಯಿಂದ ಬಂದ ಮಧ್ಯಾಹ್ನಗಳಲ್ಲಿ ಫ್ರಿಜ್ಜು, ಫ್ಯಾನು ಆರಿಸಿ, ಬಾಗಿಲ ಸಂದಿಗೆ ಟವೆಲು ತುರುಕುತ್ತಿದ್ದಳು. ಅತ್ತೆ ಫೋನನ್ನು ಮಾವನ ಗದ್ದದ ಕೆಳಗೆ, ಕ್ಷೌರದವನು ಬಟ್ಟಲು ಹಿಡಿದ ಹಾಗೆ ಹಿಡಿಯುತ್ತಿದ್ದರು.

"ನನಗೆ ನೀರು ಬೇಕು," ಎಂದು ಮಾವ ಓದಿದರು. ತರಕಾರಿಯವನ ದನಿ.

"ನಿಮ್ಮ ದನೀಲಿ ಹೇಳ್ರೀ."

"ಕಿಟಕಿ ತೆಗೆ." ಮೇಲಧಿಕಾರಿಯ ದನಿ.

"ನಿಮ್ಮದ್ರೀ, ನಿಮ್ಮದು!"

"ನನ್ನದು ಯಾವುದು ಅಂತಲೇ ಮರೆತುಹೋಗಿದೆ ಕಣೇ. ಇಷ್ಟು ವರ್ಷ ಬೇರೆಯವರದ್ದನ್ನೇ ಸವೆಸಿದೆ. ನನ್ನದು ಎಲ್ಲೋ ಪೆಟ್ಟಿಗೇಲಿ ಮಡಿಸಿಟ್ಟ ಹಾಗೇ ಇರಬೇಕು, ಹೊಸದಾಗಿ."

ಆದರೂ ದಿನ ಕಳೆದಂತೆ ಅದು ಹೊರಗೆ ಬಂತು. ಒರಟು, ನಿಧಾನ, ವಾಕ್ಯದ ಕೊನೆಗೆ ತುಸು ಇಳಿಯುವ ದನಿ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಸೊಸೆ ಅದನ್ನು ಹೀಗೆ ಒಂದೇ ಸಮನೆ ಕೇಳಿರಲಿಲ್ಲ. ಹಾಳೆಯಲ್ಲಿ ಒಂದು ಕಡೆ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂದಿತ್ತು. ಮಾವ ಕನ್ನಡಕ ಮೇಲೆತ್ತಿದರು.

"ಇದನ್ನ ಯಾರಿಗೆ ಹೇಳಬೇಕಂತೆ?"

"ಯಾರಿಗೋ. ಓದಿ ಮುಗಿಸಿ, ಅನ್ನಕ್ಕಿಡಬೇಕು."

ಮಾವ ಓದಿದರು. ಅತ್ತೆ ಫೋನನ್ನು ಸೊಸೆಯ ಕೈಗಿಟ್ಟು, ಇನ್ನೂ ಒಲೆಯ ಮೇಲೇ ಇಡದ ಪಾತ್ರೆ ಉಕ್ಕಿತೇನೋ ನೋಡಲು ಹೋದರು.

"ಈ ಹಾಳೇಲಿ ಒಂದೂ ಬೈಗುಳ ಇಲ್ಲವಲ್ಲಮ್ಮ," ಎಂದರು ಮಾವ ಸೊಸೆಗೆ. "ಬೈಗುಳ ಇಲ್ಲದೆ ಮನೆ ನಡೆಸೋದು ಹೇಗೆ? ಒತ್ತು, ನಾನೇ ಸೇರಿಸ್ತೀನಿ." 'ಕತ್ತೆ'ಯನ್ನು ಮೂರು ರೀತಿಯಲ್ಲಿ ಹೇಳಿದರು: ಮಗನಿಗೊಂದು, ಮಗಳಿಗೊಂದು, ಸುದ್ದಿ ಓದುವವರಿಗೊಂದು.

ಸಂಜೆ ಗಂಡ ಬಂದು, ಆ ದಿನದ್ದನ್ನು ಡಬ್ಬದಿಂದ ತೆಗೆದು, ಬೀದಿಯ ಹಾರನ್ನು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲ ಅಳಿಸಿ, ಶುಚಿಯಾದದ್ದನ್ನು ಮತ್ತೆ ಅತ್ತೆಯ ಫೋನಿಗೆ ಬರುವಂತೆ ಮಾಡುತ್ತಿದ್ದ. ಅತ್ತ ಹಾಕಿದರೆ ಇತ್ತ, ಇತ್ತ ಹಾಕಿದರೆ ಅತ್ತ. ಅತ್ತೆ ಕಿವಿಗೆ ಹಿಡಿದು ಕೇಳಿ, ಬಾಯಲ್ಲಿ ಮಾತ್ರ "ಕುಕ್ಕರು ಹೋಯ್ತು, ಗೊರಗೊರ ಹೋಗಲಿಲ್ಲ" ಎನ್ನುತ್ತಿದ್ದರು.

"ಆಗಿರೋದನ್ನ ಆಸ್ಪತ್ರೆಗೆ ಕೊಟ್ಟುಬಿಡೋಣ ರೀ," ಎಂದಳು ಸೊಸೆ ಒಂದು ದಿನ.

"ಪೂರ್ತಿ ಶುಚಿ ಮಾಡಿ ಒಟ್ಟಿಗೇ ಕೊಡ್ತೀನಿ. ಅರೆಬರೆ ಕೊಟ್ಟರೆ ಏನು ಚೆಂದ?"

"ಅಲ್ಲೀವರೆಗೆ?"

"ಡಬ್ಬದಲ್ಲಿದೆಯಲ್ಲೇ. ಎಲ್ಲಿ ಎದ್ದು ಓಡಿಹೋಗತ್ತೆ?"

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಧ್ಯಾಹ್ನ ಬಡಾವಣೆಯೇ ಮೆಟ್ಟಿಲು ಹತ್ತಿ ಬಂತು. ಕಾವಲುಗಾರ ಬಂದ, ಟೀಚರು ಬಂದರು, ತರಕಾರಿಯವನು ಗಾಡಿಯನ್ನು ಬೀದಿಯಲ್ಲೇ ಬಿಟ್ಟು ಬಂದ. ಮಾವನಿಗೆ ಹುರುಪೇರಿತು. ಒಬ್ಬೊಬ್ಬರ ಎದುರೇ ಅವರವರನ್ನು ಮಾಡಿ ತೋರಿಸತೊಡಗಿದರು. ಟೀಚರು ಮೂಗಿನಿಂದಲೇ ನಕ್ಕರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನು ತೆಗೆದರು. ಒತ್ತಿದರು. ಮತ್ತೆ ಒತ್ತಿದರು.

"ಜಾಗ ಇಲ್ಲ ಅನ್ನತ್ತಲ್ಲೇ ಇದು!"

ಸೊಸೆಯ ಎರಡೂ ಕೈಯಲ್ಲಿ ಚಹಾದ ತಟ್ಟೆ. ಒಳಗೆ ಮಾವ ಈಗ ಅತ್ತೆಯನ್ನೇ ಮಾಡುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡಿದ್ದರು.

"ಹಳೇದೆಲ್ಲ ಅಳಿಸಿಬಿಡ್ಲಾ? ಡಬ್ಬದಲ್ಲಿ ಇದೆ ಅಲ್ವೇನೇ?"

"ಹೂಂ ಅತ್ತೆ, ಇದೆ," ಎಂದು ಸೊಸೆ ಚಹಾ ಚೆಲ್ಲದಂತೆ ಒಳಗೆ ಹೋದಳು.

ಅತ್ತೆ ಜಾಗ ಮಾಡಿಕೊಂಡರು.

ಮಾವ ಆಸ್ಪತ್ರೆಯಿಂದ ವಾಪಸು ಬಂದಾಗ ಕುತ್ತಿಗೆಯ ಬುಡದಲ್ಲಿ ಒಂದು ತೂತಿತ್ತು, ಕೈಯಲ್ಲಿ ಒಂದು ಸ್ಲೇಟು. ಕೆಮ್ಮಿದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಕೆಮ್ಮು ಕತ್ತಿನಿಂದ ಬರುತ್ತಿತ್ತು. ಅತ್ತೆ ಅನ್ನವನ್ನು ಬೇಳೆಯೊಂದಿಗೆ ಮೆತ್ತಗೆ ಕಿವುಚಿ ಕೊಡುತ್ತಿದ್ದರು. ಊಟದ ಮೇಜಿನಲ್ಲಿ ಎಲ್ಲರೂ ಜಾಸ್ತಿ ಜಾಸ್ತಿ ಮಾತಾಡಿದರು, ಖಾಲಿ ಕುರ್ಚಿಗೆ ಬಟ್ಟೆ ಹಾಕಿ ಮುಚ್ಚುವ ಹಾಗೆ. "ಇನ್ನೇನು, ಟ್ಯಾಬು ಬರಲಿ," ಎಂದು ಪ್ರತಿ ಊಟಕ್ಕೂ ಯಾರಾದರೊಬ್ಬರು ಹೇಳುವರು. ಮಾವ ತಲೆಯಾಡಿಸುವರು. ಸ್ಲೇಟಿನ ಮೇಲೆ ಒಮ್ಮೆ ಬರೆದರು: 'ಮೊದಲು ಕತ್ತೆ ಅಂತೀನಿ. ಯಾರಿಗೆ ಅಂತ ಹೇಳಲ್ಲ.'

ತರಬೇತಿಯವರು ರೆಕಾರ್ಡಿಂಗು ತನ್ನಿ ಎಂದ ದಿನ ಗಂಡ ಡಬ್ಬದ ಮುಂದೆ ಕೂತ. ಬಹಳ ಹೊತ್ತು ಕೂತ. ಸೊಸೆ ಚಹಾ ತಂದಿಟ್ಟಳು. ಆರಿದ್ದನ್ನು ತೆಗೆದುಕೊಂಡು ಹೋದಳು. ಗೋದಾಮಿಗೆ ರಜೆ ಹಾಕಿ ಮರುದಿನವೂ ಕೂತ, ಅದರ ಮರುದಿನವೂ. ಆಮೇಲೆ ಊಟದ ಮೇಜಿಗೆ ಬಂದು, ತಟ್ಟೆ ನೋಡುತ್ತಾ ಹೇಳಿದ.

"ಡಿಸ್ಕು ಕೆಟ್ಟುಹೋಗಿದೆ. ಅಪ್ಪನದು ಒಂದೇ ಒಂದು ಉಳಿದಿದೆ. ಕಡೇದು."

"ಕನ್ನಡಿ ಅಂದ್ಯಲ್ಲ?" ನಾದಿನಿ ಕೇಳಿದಳು.

"ಎರಡೂ ಹೋಯ್ತು."

ಅತ್ತೆ ಚಮಚವನ್ನು ಕೆಳಗಿಟ್ಟರು. ಅಲ್ಲಿಂದ ಶುರುವಾಯಿತು. ಬೈಗುಳದಲ್ಲಿ ಅತ್ತೆಯದು ಹಳೇ ಪಳಗಿದ ಕೈ, ಆದರೆ ಇದುವರೆಗೆ ಅದಕ್ಕೆ ಉಪ್ಪು, ಸೋಪು, ಲೈಟು ಆರಿಸದ್ದು ಇಂಥವೇ ಸರಕು. ಈಗ ಮೊದಲ ಸಲ ದೊಡ್ಡ ಸರಕು ಸಿಕ್ಕಿತ್ತು. "ನನ್ನ ಮಷೀನಿನ ದುಡ್ಡು ತಿಂದೆ, ಹೋಗಲಿ ಅಂದೆ. ನನ್ನ ಗಂಡನ ಮಾತು ತಿಂದ್ಯಲ್ಲೋ! ಡಬ್ಬವಂತೆ ಡಬ್ಬ. ಡಬ್ಬಾಂದ್ರೆ ಡಬ್ಬಾನೇ, ಅಲ್ಲಾಡಿಸಿದರೆ ಸದ್ದು, ತೆಗೆದರೆ ಖಾಲಿ, ನಿನ್ನ ತಲೆ ಹಾಗೆ!"

ಮಾವ ಸ್ಲೇಟು ತೆಗೆದುಕೊಂಡರು. ಬಳಪವನ್ನು ಊರಿ ಹಿಡಿದು, ಏನೂ ಬರೆಯದೆ ಇಟ್ಟರು.

ಉಳಿದ ಒಂದನ್ನೇ ಆಸ್ಪತ್ರೆಗೆ ಒಯ್ದರು. ಸೊಸೆಯೂ ಹೋಗಿದ್ದಳು. ತರಬೇತಿಯವರು ಇಡೀ ರೆಕಾರ್ಡಿಂಗು ಕೇಳಿದರು. ತರಕಾರಿಯವನಿಗೆ ನಕ್ಕರು, ಕಾವಲುಗಾರನಿಗೆ ನಕ್ಕರು, ಟೀಚರ ಮೂಗಿಗೆ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಮೆಲ್ಲಗೆ ಕೇಳಿದರು.

"ಇದರಲ್ಲಿ ಇವರ ದನಿ ಯಾವುದು?"

ರೆಕಾರ್ಡಿಂಗಿನಲ್ಲಿ ಒಂದು ಕಡೆ ಉಗುಳು ನುಂಗಿದ ಸದ್ದಿತ್ತು. ಅದೊಂದೇ ಮಾವನದು.

ಟ್ಯಾಬಿನೊಳಗೆ ಸಿದ್ಧವಾಗಿದ್ದ ಗಂಡುದನಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಮಾವ ಮೊದಲನೆಯದನ್ನೇ ಒತ್ತಿದರು. ಉಳಿದವನ್ನು ಕೇಳಲೂ ಇಲ್ಲ.

ಹಾಗೆ ಆ ಮನೆಗೆ ಆರನೆಯವನೊಬ್ಬ ಬಂದ. ವಾರ್ತೆ ಓದುವವನ ಹಾಗೆ ಅವನ ಮಾತು. 'ಉಪ್ಪು ಕಡಿಮೆಯಾಗಿದೆ' ಎಂದರೂ ಎಲ್ಲೋ ಸೇತುವೆ ಕುಸಿದಂತೆ ಕೇಳಿಸುತ್ತಿತ್ತು. ಮಾವ ಅವನಿಗೆ ನಗೆಮಾತು ಕೊಟ್ಟು ನೋಡಿದರು. ಟ್ಯಾಬು ಅದನ್ನು ಓದಿತು. ಯಾರೂ ನಗಲಿಲ್ಲ. ಒಂದೆರಡು ಸಲವಾದ ಮೇಲೆ ಮಾವ ಆ ಪ್ರಯತ್ನ ಬಿಟ್ಟರು. ನೀರು, ಮಾತ್ರೆ, ಫ್ಯಾನು ಇಷ್ಟಕ್ಕೇ ಅವನನ್ನು ಇಟ್ಟುಕೊಂಡರು.

ಅತ್ತೆಯ ಬೈಗುಳ ಮಾತ್ರ ಊಟಕ್ಕೊಂದು ಬಗೆ. ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ತಿನ್ನು ತಿನ್ನು, ಅಪ್ಪನ ಗಂಟಲು ನುಂಗಿದವನಿಗೆ ಬ್ರೆಡ್ಡು ಯಾವ ಲೆಕ್ಕ" ಎನ್ನುವರು. ಮಗನ ಅಂಗಿಯನ್ನು ಕಲ್ಲಿಗೆ ಬಡಿಯುವಾಗ ಅಂಗಿಯೊಳಗೆ ಮಗ ಇರುವ ಹಾಗೇ ಬಡಿಯುವರು. ಮಗ ಸೊರಗಿದ. ತಂಗಿ ಅವನೊಂದಿಗೆ ಮಾತು ಬಿಟ್ಟಳು. ಬೇಕರಿಯಿಂದ ಬರುವ ದಾರಿಯಲ್ಲಿ ಸೊಸೆ ಒಂದು ಬೀದಿ ಸುತ್ತಿ ಬರತೊಡಗಿದಳು.

ಒಂದು ಸಂಜೆ ಗಂಡ ಕೋಣೆಯಲ್ಲಿ ಫೋನು ನೋಡುತ್ತಾ ಕೂತಿದ್ದ. ಯಾವುದೋ ದೇಶದ ಹಳೇ ಫುಟ್‌ಬಾಲ್ ಪಂದ್ಯ. ನೋಡುತ್ತಿದ್ದನೋ ಇಲ್ಲವೋ, ಕಣ್ಣು ಅಲ್ಲಿತ್ತು. ಸೊಸೆ ಮಡಿಸುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು.

"ಇದು ಎಲ್ಲಿಂದ ಬರ್ತಾ ಇದೆ ರೀ?"

"ಡಬ್ಬದಿಂದ."

"ಡಿಸ್ಕು ಕೆಟ್ಟಿದ್ದರೆ ಇದು ಹೇಗೆ ಉಳೀತು?"

ಅವನು ಫೋನು ಮಗುಚಿಟ್ಟ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ. ಡಿಸ್ಕು ಕೆಟ್ಟಿಲ್ಲ. ಉಳಿದವರ ಫೋನಿನಿಂದ ಡಬ್ಬಕ್ಕೆ ಒಂದೇ ಕಡೆಯ ದಾರಿ, ಅಮ್ಮನ ಫೋನಿಗೂ ಡಬ್ಬಕ್ಕೂ ಮಾತ್ರ ಎರಡೂ ಕಡೆಯ ದಾರಿ ಇಟ್ಟಿದ್ದ. ಫೋನಿನಲ್ಲಿ ಅಳಿಸಿದ್ದು ಡಬ್ಬದಲ್ಲೂ ಅಳಿಯಿತು, ಒಂದು ಡಿಸ್ಕಿನಲ್ಲಿ ಅಳಿದದ್ದು ಅದರ ಜೋಡಿಯಲ್ಲೂ ಅಳಿಯಿತು. ಅಳಿಸಿದ್ದನ್ನು ಸ್ವಲ್ಪ ದಿನ ಹಿಡಿದಿಡುವ ಕಸದ ಬುಟ್ಟಿಯೊಂದಿರುತ್ತದೆ. ಪಂದ್ಯಗಳಿಗೆ ಜಾಗ ಸಾಲದೆ ಅವನೇ ಅದನ್ನು ನಿಲ್ಲಿಸಿದ್ದ. ಅಳಿದದ್ದನ್ನು ಕೆದಕಿ ತೆಗೆಯೋಣವೆಂದರೆ, ಅಪ್ಪನ ದನಿ ಇದ್ದ ಜಾಗದ ಮೇಲೆ ಆಮೇಲೆ ಬಂದ ಪಂದ್ಯಗಳು ಕೂತಿದ್ದವು.

"ಆಸ್ಪತ್ರೆಗೆ ಸೇರೋ ಹಿಂದಿನ ದಿನ ಮಧ್ಯಾಹ್ನ ಅಮ್ಮ ಅಳಿಸಿದ್ದಾಳೆ. ಡಬ್ಬದಲ್ಲಿ ದಾಖಲೆ ಇದೆ. ಜಾಗಕ್ಕೋಸ್ಕರ ಇರಬೇಕು. ನಾನೇ ಹೇಳಿಕೊಟ್ಟಿದ್ದಲ್ವಾ, ಅಳಿಸಿ ಅಳಿಸಿ ಅಂತ."

ಸೊಸೆಯ ಕೈಯಲ್ಲಿದ್ದ ಬಟ್ಟೆ ಜಾರಿತು. ಚಹಾದ ತಟ್ಟೆಯ ಭಾರ ಮತ್ತೆ ಮೊಣಕೈಗೆ ಬಂದ ಹಾಗಾಯಿತು. 'ಹೂಂ ಅತ್ತೆ, ಇದೆ.' ಅದನ್ನು ಹೇಳಲು ಬಾಯಿ ತೆರೆದಳು.

"ಅಮ್ಮನಿಗೆ ಮಾತ್ರ ಹೇಳಬೇಡ ಕಣೇ," ಎಂದ ಅವನು. "ಅವಳು ನನ್ನ ಬೈದರೆ ನಾನು ಬದುಕ್ತೀನಿ. ಅವಳನ್ನ ಅವಳೇ ಬೈಕೊಳ್ಳೋಕೆ ಶುರು ಮಾಡಿದರೆ ಬದುಕಲ್ಲ."

"ನೀವು ಬದುಕಿರೋ ಚೆಂದ ನಾನು ನೋಡ್ತಾ ಇಲ್ವಾ?" ಎಂದಷ್ಟೇ ಅಂದು ಅವಳು ಬಟ್ಟೆ ಎತ್ತಿಕೊಂಡಳು. ತನ್ನ ಮಾತು ಒಳಗೇ ಉಳಿಯಿತು.

ಬಚ್ಚಿಟ್ಟದ್ದು ಬಹಳ ದಿನ ಬಾಳಲಿಲ್ಲ. ಭಾನುವಾರದ ಊಟದ ಹೊತ್ತಿಗೆ ನಾದಿನಿ, ಅರ್ಜಿಯೊಂದಕ್ಕೆ ಹಾಕಲು ತನ್ನ ಹಳೇ ಫೋಟೊ ಡಬ್ಬದಲ್ಲಿ ಉಳಿದಿದೆಯೋ ಎಂದು ಹುಡುಕಿದವಳು, ಫೋನು ಹಿಡಿದು ಮೇಜಿಗೆ ಬಂದಳು. ಕೆನ್ನೆ ಕೆಂಪಾಗಿತ್ತು.

"ಅಣ್ಣ, ನನ್ನ ಫೋಟೊ ಇದೆ. ಅತ್ತಿಗೆ ಬೇಕರಿ ಫೋಟೊ ಇದೆ. ಹೋದ ವರ್ಷದ ಫುಟ್‌ಬಾಲು ಸಾಲಾಗಿ ಇದೆ. ಡಿಸ್ಕಿಗೆ ಅಪ್ಪನೊಬ್ಬನ ಮೇಲೇ ಹಗೆಯಾ?"

ಗಂಡ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ. ಬಿಡಿಸುತ್ತಲೇ ಇದ್ದ.

"ಹೇಳೋ," ಎಂದರು ಅತ್ತೆ. "ಅವಳು ಕೇಳ್ತಿರೋದು ಕೇಳಿಸ್ತಾ? ಡಿಸ್ಕು ಕೆಟ್ಟಿಲ್ವಾ?"

"ಇಲ್ಲ."

"ಮತ್ತೆ?"

"ಅಳಿಸಿದೆ. ನಾನೇ. ಜಾಗ ಸಾಲಲಿಲ್ಲ."

"ಆಟಕ್ಕೋಸ್ಕರ?" ಅತ್ತೆಯ ದನಿ ಈಗ ಬೈಗುಳದ್ದಾಗಿರಲಿಲ್ಲ. "ಅಪ್ಪನ ಮಾತು ಅಳಿಸಿ, ಆಟ ಇಟ್ಕೊಂಡ್ಯಾ?"

"ಹೂಂ."

ಮಾವ ಟ್ಯಾಬನ್ನು ಹತ್ತಿರಕ್ಕೆಳೆದುಕೊಂಡರು. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅಷ್ಟು ಹೊತ್ತೂ ಯಾರೂ ಉಣ್ಣಲಿಲ್ಲ, ಯಾರೂ ಏಳಲಿಲ್ಲ. ಸಿಟ್ಟೂ ಸರದಿಯಲ್ಲಿ ನಿಲ್ಲಬೇಕಾದ ಕಾಲ ಆ ಮನೆಗೆ ಬಂದಿತ್ತು. ಕೊನೆಗೆ ವಾರ್ತೆಯವನು ಸ್ಪಷ್ಟವಾಗಿ, ಸಮಾಧಾನವಾಗಿ ಓದಿದ:

"ಈ ಮನೆಯಿಂದ ಹೋಗು."

ಗಂಡ ಎದ್ದ. ಕೈ ತೊಳೆದ. ಚಪ್ಪಲಿ ಗೂಡಿನ ಹತ್ತಿರ ಬಗ್ಗಿ ಶೂ ಹಾಕಿಕೊಳ್ಳತೊಡಗಿದ. ಅವನ ತಲೆಯ ಪಕ್ಕದಲ್ಲೇ ಡಬ್ಬದ ಹಸಿರು ದೀಪ ಮಿಣುಕುತ್ತಿತ್ತು. ಲೇಸು ಎರಡು ಸಲ ಕೈ ತಪ್ಪಿತು.

"ಅವರಲ್ಲ ಅಳಿಸಿದ್ದು!" ಸೊಸೆ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದಿದ್ದಳು.

"ಸುಮ್ನಿರೇ," ಎಂದ ಗಂಡ ಅಲ್ಲಿಂದಲೇ.

"ಯಾಕೆ ಸುಮ್ನಿರಲಿ? ಊಟಕ್ಕೊಂದು ಸಲ ನಿಮ್ಮನ್ನ ಕಲ್ಲಿಗೆ ಬಡೀತಾರೆ, ನಾನು ಹಿಂಡಿ ಒಣಹಾಕ್ತಾ ಇರಬೇಕಾ? ಅತ್ತೆ, ಅದು ಹೋಗಿದ್ದು ನಿಮ್ಮ ಫೋನಿಂದ. ಆಸ್ಪತ್ರೆಗೆ ಸೇರೋ ಹಿಂದಿನ ದಿನ ನೀವು ಅಳಿಸಿದ್ರಲ್ಲ, ಅದು ಡಬ್ಬದಲ್ಲೂ ಅಳಿದುಹೋಯ್ತು. ಗೊತ್ತಿದ್ದೂ ಇವರು ಹೇಳಲಿಲ್ಲ."

ಅತ್ತೆ ಕೂತಲ್ಲೇ ಇದ್ದರು. ಮೊದಲು ಮಗನನ್ನು ನೋಡಿದರು. ಅವನು ಶೂ ಹಿಡಿದುಕೊಂಡು ನೆಲ ನೋಡುತ್ತಿದ್ದ, ಅದೇ ಉತ್ತರವಾಯಿತು.

"ಅವತ್ತು..." ಎಂದರು ಅತ್ತೆ. "ಜಾಗ ಇಲ್ಲ ಅಂತು. ನಾನು..."

ಅಲ್ಲಿಗೆ ನಿಲ್ಲಿಸಿ ಸೊಸೆಯ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲು, ಚಹಾದ ತಟ್ಟೆ, ಕೇಳಿದ ಪ್ರಶ್ನೆ, ಬಂದ ಉತ್ತರ, ಎಲ್ಲವೂ ಅವರ ಕಣ್ಣಿಗೆ ಬಂದು ನಿಂತದ್ದು ಸೊಸೆಗೆ ಕಾಣಿಸಿತು. ಅತ್ತೆ ಕಾದರು. ಒಂದು ತುತ್ತು ನುಂಗುವಷ್ಟು ಹೊತ್ತು. ಸೊಸೆ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಅದರ ಬೆನ್ನನ್ನು ಗಟ್ಟಿಯಾಗಿ ಹಿಡಿದಳು.

"ಹೂಂ," ಎಂದರು ಅತ್ತೆ. "ನಾನೇ ಅಳಿಸಿದ್ದು. ಯಾರನ್ನೂ ಕೇಳಲಿಲ್ಲ."

ತಟ್ಟೆಯಲ್ಲಿದ್ದುದನ್ನು ಮುಗಿಸಿದರು. ಎಲ್ಲರ ತಟ್ಟೆ ಒಂದರ ಮೇಲೊಂದು ಪೇರಿಸಿ ಒಳಗೊಯ್ದರು.

ಆ ದಿನದಿಂದ ಅತ್ತೆ ಬೈಯುವುದನ್ನು ಬಿಟ್ಟರು. ಬೈಯುವುದನ್ನು ಬಿಟ್ಟರೆ ಅವರಲ್ಲಿ ಮಾತೆಂಬುದು ಎಷ್ಟು ಕಡಿಮೆ ಎಂದು ಆಗ ಗೊತ್ತಾಯಿತು. ಕೇಳಿದ್ದಕ್ಕೆ 'ಹೂಂ', 'ಇದೆ', 'ಇಟ್ಟಿದ್ದೀನಿ'. ಉಪ್ಪು ಜಾಸ್ತಿಯಾದರೆ ಜಾಸ್ತಿಯಾದದ್ದನ್ನೇ ಉಣ್ಣುವರು. ನಾದಿನಿ ಅಣ್ಣನ ಬಳಿ ತಪ್ಪಾಯ್ತು ಅಂದಳು; ಅವನು ಬಿಡೇ ಅಂದ, ಅವಳ ಅರ್ಜಿಯ ಫೋಟೊ ತೆಗೆದುಕೊಟ್ಟ. ಹೆಂಡತಿಯೊಂದಿಗೆ ಮಾತ್ರ ಅಕ್ಕಿ, ಬೇಳೆ, ಬಾಡಿಗೆಯ ಮಾತಷ್ಟೇ ಆಡಿದ. ಮುಂದಿನ ಸಂಬಳಕ್ಕೆ ಬಟ್ಟೆಯ ಮಷೀನು ತಂದ. ಅತ್ತೆ ಅದರ ಮುಚ್ಚಳ ತೆಗೆದು, ಬಟ್ಟೆ ತುಂಬಿ, ಗುಂಡಿ ಒತ್ತಿ, ಅದು ತಿರುಗಿ ಮುಗಿಯುವವರೆಗೂ ಅದರ ಎದುರೇ ಸ್ಟೂಲು ಹಾಕಿ ಕೂತಿರುತ್ತಿದ್ದರು. ಕೈಗೆ ಕೆಲಸವೂ ಇಲ್ಲ, ಬಡಿಯಲು ಕಲ್ಲೂ ಇಲ್ಲ.

ಸೊಸೆ ದಿನವೂ ಹೇಳಬೇಕೆಂದುಕೊಂಡಳು. ಬೆಳಿಗ್ಗೆ ಬ್ರೆಡ್ಡು ಸುಡುವಾಗ ಅಂದುಕೊಂಡಳು, ಬೇಕರಿಯಲ್ಲಿ ತಟ್ಟೆ ಒರೆಸುವಾಗ ಮಾತು ಜೋಡಿಸಿಕೊಂಡಳು, ಮೆಟ್ಟಿಲು ಹತ್ತುವಾಗ ಗಟ್ಟಿ ಮಾಡಿಕೊಂಡಳು. ಒಳಗೆ ಬಂದರೆ ಅತ್ತೆ ಅವಳಿಗೆ ಚಹಾ ಸೋಸಿಟ್ಟಿರುತ್ತಿದ್ದರು, ಮೇಲೆ ತಟ್ಟೆ ಮುಚ್ಚಿ. ಹಿಂದೆಂದೂ ಇಟ್ಟವರಲ್ಲ. ಚಹಾ ಕುಡಿಯುವ ಹೊತ್ತಿಗೆ ಮಾತು ಇಳಿದುಹೋಗಿರುತ್ತಿತ್ತು.

ಒಂದು ಸಂಜೆ ಅತ್ತೆ ಸಿಂಕಿನಲ್ಲಿ ಬೀನ್ಸು ತೊಳೆಯುತ್ತಿದ್ದರು. ಸೊಸೆ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಮಾವ ಬಂದು ಟ್ಯಾಬನ್ನು ಕಟ್ಟೆಯ ಮೇಲಿಟ್ಟು, ನಿಂತೇ ಒತ್ತಿದರು.

"ಬೈಯೇ," ಎಂದಿತು ಟ್ಯಾಬು.

ಅತ್ತೆ ಬೀನ್ಸಿನ ತೊಟ್ಟು ಮುರಿದರು. ಮಾವ ಮತ್ತೆ ಅದನ್ನೇ ಒತ್ತಿದರು.

"ಬೈಯೇ." ಅದೇ ದನಿ, ಅದೇ ಸಮ. ಬೇಡಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಮಾವ ತಲೆ ಬಗ್ಗಿಸಿ ಇನ್ನಷ್ಟು ಬರೆದರು. ಕುತ್ತಿಗೆಯ ತೂತಿನಿಂದ ಉಸಿರು ಸುಯ್ಯೆಂದು ಹೋಗಿ ಬರುತ್ತಿತ್ತು. ನಲ್ಲಿಯ ನೀರಿನ ನಡುವೆಯೂ ಅದು ಕೇಳಿಸುತ್ತಿತ್ತು.

"ಮಗನನ್ನು ಬೈ. ಸೊಸೆಯನ್ನು ಬೈ. ನನ್ನನ್ನಾದರೂ ಬೈ."

ಸೊಸೆಯ ಚಾಕು ನಿಂತಿತು. ಅತ್ತೆ ನಲ್ಲಿ ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡು, 'ಇಷ್ಟೇನಾ' ಎಂಬಂತೆ ಗಂಡನ ಮುಖ ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡು, ಟ್ಯಾಬನ್ನು ನೀರು ತಾಗದ ಹಾಗೆ ಗೋಡೆಯ ಕಡೆ ಸರಿಸಿಟ್ಟರು.

"ಅತ್ತೆ," ಎಂದಳು ಸೊಸೆ. "ಅವತ್ತು ನಾನು..."

ಅತ್ತೆ ಮತ್ತೆ ನಲ್ಲಿ ತಿರುಗಿಸಿದರು. ಈ ಸಲ ಪೂರ್ತಿ.